ಮನೆ ಯಶವಂತಪುರದಲ್ಲಿ, ಲೆಕ್ಕ ಡಾಲರಿನಲ್ಲಿ: ಹೊರದೇಶದ ಮಾಲೀಕರ ಮನೆಬೆಲೆ ಕುರಿತು ಒಂದು ಟಿಪ್ಪಣಿ

'ಆಗ ನಲವತ್ತು ಲಕ್ಷಕ್ಕೆ ತಗೊಂಡಿದ್ರು, ಈಗ ಎರಡರಷ್ಟಾಗಿದೆ.' ಹೊರದೇಶದಲ್ಲಿರುವ ಮಾಲೀಕರ ಫ್ಲ್ಯಾಟಿನ ಮಾತು ಬಂದಾಗ ಮತ್ತೀಕೆರೆ, ಯಶವಂತಪುರದ ಕಡೆ ಇಂಥ ಮಾತು ಕೇಳದೆ ಇರುವುದಿಲ್ಲ. ಹೇಳುವವರ ದನಿಯಲ್ಲಿ ಮೆಚ್ಚುಗೆಯೂ ಇರುತ್ತದೆ, ಒಂದಿಷ್ಟು ಹೊಟ್ಟೆಯುರಿಯೂ ಇರುತ್ತದೆ. ಬೆಲೆ ಎರಡರಷ್ಟಾದದ್ದು ನಿಜವೇ ಇರಬಹುದು. ಆದರೆ ಆ ಎರಡರಷ್ಟು ಯಾವ ನಾಣ್ಯದಲ್ಲಿ, ಅದರಲ್ಲಿ ಮಾಲೀಕರ ಕೈ ಸೇರುವುದೆಷ್ಟು, ಅದೇ ಮಹಡಿಯ ಎದುರು ಮನೆಯವರಿಗೆ ಸೇರುವುದೆಷ್ಟು ಎಂದು ಯಾರೂ ಕೂತು ಲೆಕ್ಕ ಹಾಕಿದಂತೆ ಕಾಣುವುದಿಲ್ಲ. ಆ ಲೆಕ್ಕವನ್ನು ಹಾಕಿ ನೋಡುವುದು ಈ ಟಿಪ್ಪಣಿಯ ಕೆಲಸ.

ಯಶವಂತಪುರದ ಸುತ್ತಮುತ್ತ ಮೊದಲಿನಿಂದಲೂ ದುಡಿಮೆಯ ಜಾಗ. ರೈಲು ನಿಲ್ದಾಣ, ಎಪಿಎಂಸಿ ಯಾರ್ಡ್, ಸ್ಯಾಂಡಲ್ ಸೋಪ್ ಕಾರ್ಖಾನೆ, ಒಂದು ಮಗ್ಗುಲಿಗೆ ಭಾರತೀಯ ವಿಜ್ಞಾನ ಸಂಸ್ಥೆ, ಇನ್ನೊಂದು ಮಗ್ಗುಲಿಗೆ ಪೀಣ್ಯ. ಜಾಲಹಳ್ಳಿಯಲ್ಲಿ 1953ರ ಎಚ್‌ಎಂಟಿ, 1954ರ ಬಿಇಎಲ್. ಈ ಕಾರ್ಖಾನೆಗಳ ಸಂಬಳದಲ್ಲಿ ಓದಿದ ಮಕ್ಕಳಲ್ಲಿ ಎಷ್ಟೋ ಮಂದಿ ಅಮೆರಿಕಕ್ಕೆ, ಕೊಲ್ಲಿ ದೇಶಗಳಿಗೆ ಹೋದರು. ಅಪ್ಪ ಅಮ್ಮನಿಗೆ ಲಿಫ್ಟ್ ಇರುವ ಮನೆ ಇರಲಿ, ನಾಳೆ ತಾವೂ ವಾಪಸು ಬಂದರೆ ಒಂದು ನೆಲೆ ಇರಲಿ ಎಂದು ಹಣ ಕಳಿಸಿದರು. 2008ರ ಮೇ 24ರಂದು ದೇವನಹಳ್ಳಿಯ ವಿಮಾನ ನಿಲ್ದಾಣ ತೆರೆಯಿತು. 2014ರ ಮಾರ್ಚ್ 1ರಂದು ಸಂಪಿಗೆ ರಸ್ತೆಯಿಂದ ಪೀಣ್ಯದವರೆಗೆ ಮೆಟ್ರೊ ಓಡಿತು. ಉತ್ತರ ಬೆಂಗಳೂರಿನ ಬೆಲೆ ಏರಿದ್ದಕ್ಕೆ ಈ ಎರಡು ದಿನಾಂಕಗಳೇ ಪೂರ್ತಿ ಕಾರಣವಲ್ಲ. ಆದರೂ ದೂರದೇಶದಲ್ಲಿ ಕೂತು ಮನೆ ಕೊಳ್ಳುವವರ ಕಣ್ಣಿಗೆ ಇವು ದೊಡ್ಡದಾಗಿ ಕಂಡವು.

'ಎನ್‌ಆರ್‌ಐ' ಎಂಬ ಒಂದೇ ಹೆಸರಿನಲ್ಲಿ ನಾವು ಮೂರು ಬಗೆಯ ಜನರನ್ನು ಕರೆಯುತ್ತೇವೆ; ಕಾನೂನು ಮೂವರನ್ನೂ ಬೇರೆಬೇರೆಯಾಗಿ ನೋಡುತ್ತದೆ. ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡೇ ಹೊರಗಿರುವವರು ಅನಿವಾಸಿ ಭಾರತೀಯರು. ಬೇರೆ ದೇಶದ ಪೌರತ್ವ ಪಡೆದು ಒಸಿಐ ಕಾರ್ಡ್ ಹೊಂದಿರುವವರು ಎರಡನೆಯವರು. ಭಾರತೀಯ ಮೂಲವೇ ಇಲ್ಲದ ವಿದೇಶಿಯರು ಮೂರನೆಯವರು. 1973ರ ವಿದೇಶಿ ವಿನಿಮಯ ಕಾಯ್ದೆಯಾದ ಫೆರಾದ ಕಾಲದಲ್ಲಿ ಭಾರತದ ಪೌರತ್ವ ಬಿಟ್ಟವರು ಇಲ್ಲಿ ಸ್ಥಿರಾಸ್ತಿ ಕೊಳ್ಳಲು ರಿಸರ್ವ್ ಬ್ಯಾಂಕಿನ ಅನುಮತಿ ಬೇಕಿತ್ತು. 2000ದ ಜೂನ್ 1ರಿಂದ ಅದರ ಬದಲಿಗೆ ಫೆಮಾ ಜಾರಿಗೆ ಬಂತು. ಈಗ ಮೊದಲ ಎರಡು ಗುಂಪಿನವರು ವಾಸದ ಮನೆ, ವ್ಯಾಪಾರದ ಕಟ್ಟಡಗಳನ್ನು ಅನುಮತಿಯಿಲ್ಲದೆ ಕೊಳ್ಳಬಹುದು. ಕೃಷಿ ಜಮೀನು, ಪ್ಲಾಂಟೇಶನ್, ತೋಟದ ಮನೆ ಕೊಳ್ಳುವಂತಿಲ್ಲ. ಮೂರನೆಯವರು ಇಲ್ಲಿಯ ನಿವಾಸಿಗಳಲ್ಲದಿದ್ದರೆ 5 ವರ್ಷ ಮೀರದ ಗುತ್ತಿಗೆಯ ಆಚೆಗೆ ಅವರಿಗೆ ದಾರಿಯಿಲ್ಲ.

ಈಗ ಲೆಕ್ಕ. ಉದಾಹರಣೆ ನನ್ನದೇ ಕಲ್ಪನೆ. ವಿನಿಮಯ ದರ, ತೆರಿಗೆಯ ದರ, ಸೂಚ್ಯಂಕಗಳು ಮಾತ್ರ ವಾಸ್ತವದವು. ಒಂದೇ ಮಹಡಿಯಲ್ಲಿ ಎದುರುಬದುರು ಎರಡು ಫ್ಲ್ಯಾಟುಗಳು. ಎರಡನ್ನೂ 2008ರ ಜನವರಿಯಲ್ಲಿ 40 ಲಕ್ಷಕ್ಕೆ ಕೊಂಡದ್ದು, ಎರಡನ್ನೂ 2025ರ ಜನವರಿಯಲ್ಲಿ 86 ಲಕ್ಷಕ್ಕೆ ಮಾರಿದ್ದು. ಒಂದರ ಮಾಲೀಕರು ಇಲ್ಲೇ ಇದ್ದು ನಿವೃತ್ತರಾದವರು, ಇನ್ನೊಂದರವರು ಕ್ಯಾಲಿಫೋರ್ನಿಯಾದಲ್ಲಿರುವವರು. ಲೆಕ್ಕ ಸರಳವಾಗಲೆಂದು ಮುದ್ರಾಂಕ ಶುಲ್ಕ, ಬ್ರೋಕರ್ ಕಮಿಷನ್, ಬೇರೆ ಆದಾಯ, ಬಂದ ಬಾಡಿಗೆ ಎಲ್ಲವನ್ನೂ ಬಿಟ್ಟಿದ್ದೇನೆ.

2008ರ ಆರಂಭದಲ್ಲಿ ಡಾಲರಿಗೆ 40 ರೂಪಾಯಿಯ ಆಸುಪಾಸು ಇತ್ತು. 40 ಲಕ್ಷ ಎಂದರೆ 1 ಲಕ್ಷ ಡಾಲರ್. 2025ರ ಜನವರಿಯಲ್ಲಿ ಡಾಲರಿಗೆ 86 ರೂಪಾಯಿಯ ಆಸುಪಾಸು. 86 ಲಕ್ಷ ಎಂದರೂ 1 ಲಕ್ಷ ಡಾಲರೇ. 17 ವರ್ಷ ಮನೆ ಇಟ್ಟುಕೊಂಡು ಅವರು ಹಾಕಿದ ಅಸಲಷ್ಟೇ ವಾಪಸು ಬಂತು. ದುಬೈಯಲ್ಲಿರುವವರ ಲೆಕ್ಕವೂ ಇದಕ್ಕಿಂತ ಬೇರೆಯಲ್ಲ: 1997ರಿಂದ ದಿರ್ಹಾಮನ್ನು ಡಾಲರಿಗೆ 3.6725ರಂತೆ ಕಟ್ಟಿಹಾಕಲಾಗಿದೆ. ಡಾಲರ್ ಎತ್ತ ಹೋದರೆ ಅದೂ ಅತ್ತಲೇ.

ಇಲ್ಲಿಯವರೆಗಿನದು ಮಾರುಕಟ್ಟೆಯ ಮಾತು. ಅದಕ್ಕೆ ಯಾರನ್ನೂ ದೂರುವಂತಿಲ್ಲ. ಮುಂದಿನದು ಕಾನೂನಿನ ಮಾತು. ಹಳೆಯ ಪದ್ಧತಿಯಲ್ಲಿ ಕೊಂಡ ಬೆಲೆಯನ್ನು ಹಣದುಬ್ಬರದ ಸೂಚ್ಯಂಕಕ್ಕೆ ತಕ್ಕಂತೆ ಏರಿಸಿ, ಉಳಿದ ಗಳಿಕೆಗೆ ಶೇ. 20 ತೆರಿಗೆ ಹಾಕುತ್ತಿದ್ದರು. 2024ರ ಜುಲೈ 23ರ ಬಜೆಟ್ ಸೂಚ್ಯಂಕವನ್ನು ತೆಗೆದುಹಾಕಿ ತೆರಿಗೆಯನ್ನು ಶೇ. 12.5ಕ್ಕೆ ಇಳಿಸಿತು. ಹಳೆಯ ಮನೆಗಳವರಿಗೆ ಇದರಿಂದ ಪೆಟ್ಟು ಬೀಳುತ್ತದೆಂಬ ಕೂಗೆದ್ದಾಗ, ಆಗಸ್ಟಿನಲ್ಲಿ ಮಸೂದೆಯನ್ನು ತಿದ್ದಿದರು: ಜುಲೈ 23ಕ್ಕೆ ಮುಂಚೆ ಕೊಂಡ ಮನೆ, ನಿವೇಶನಗಳಿಗೆ ಎರಡು ಪದ್ಧತಿಗಳಲ್ಲಿ ಯಾವುದರಲ್ಲಿ ತೆರಿಗೆ ಕಡಿಮೆಯೋ ಅಷ್ಟನ್ನೇ ಕಟ್ಟಿದರೆ ಸಾಕು. ಈ ಸವಲತ್ತು ಭಾರತದಲ್ಲಿ ನಿವಾಸಿಗಳಾದ ವ್ಯಕ್ತಿಗಳಿಗೆ, ಅವಿಭಕ್ತ ಹಿಂದೂ ಕುಟುಂಬಗಳಿಗೆ ಮಾತ್ರ. ಅನಿವಾಸಿಗಳಿಗೆ ಸಿಗಲಿಲ್ಲ.

ನಮ್ಮ ಉದಾಹರಣೆಗೆ ಇದನ್ನು ಹಚ್ಚಿ ನೋಡೋಣ. ಸೂಚ್ಯಂಕ 2007-08ರಲ್ಲಿ 129, 2024-25ರಲ್ಲಿ 363. ಇಲ್ಲಿರುವ ಮಾಲೀಕರ 40 ಲಕ್ಷ ಸೂಚ್ಯಂಕದ ಪ್ರಕಾರ ಸುಮಾರು 1 ಕೋಟಿ 12 ಲಕ್ಷವಾಗುತ್ತದೆ. ಮಾರಿದ್ದು 86 ಲಕ್ಷಕ್ಕೆ. ಗಳಿಕೆಯೇ ಇಲ್ಲ, ತೆರಿಗೆಯೂ ಇಲ್ಲ. ಎದುರು ಮನೆಯವರಿಗೆ ಗಳಿಕೆ 46 ಲಕ್ಷ, ಅದಕ್ಕೆ ಶೇ. 12.5ರಂತೆ 5 ಲಕ್ಷ 75 ಸಾವಿರ, ಅದರ ಮೇಲೆ ಶೇ. 4ರ ಸೆಸ್ ಸೇರಿ 5 ಲಕ್ಷ 98 ಸಾವಿರ ತೆರಿಗೆ. ಡಾಲರಿನಲ್ಲಿ ಬಿಡಿಗಾಸಿನ ಲಾಭವೂ ಕಾಣದವರು ಹೆಚ್ಚುಕಡಿಮೆ 7 ಸಾವಿರ ಡಾಲರ್ ತೆರಿಗೆ ಕಟ್ಟುತ್ತಾರೆ. ಮೊದಲ ಸಲ ಈ ಲೆಕ್ಕ ಮುಗಿಸಿದಾಗ ಎಲ್ಲೋ ತಪ್ಪಿದ್ದೇನೆಂದು ಭಾವಿಸಿ ಮತ್ತೆ ಮಾಡಿದೆ. ಉತ್ತರ ಬದಲಾಗಲಿಲ್ಲ.

ಅನಿವಾಸಿಗಳು ತಮ್ಮ ಗಳಿಕೆಯನ್ನು ಕೊಂಡಾಗಿನ ವಿದೇಶಿ ನಾಣ್ಯದಲ್ಲೇ ಲೆಕ್ಕ ಹಾಕುವ ಪದ್ಧತಿ ನಮ್ಮ ತೆರಿಗೆ ಕಾನೂನಿಗೆ ಹೊಸದೇನಲ್ಲ. 1961ರ ಆದಾಯ ತೆರಿಗೆ ಕಾಯ್ದೆಯ 48ನೇ ಕಲಮಿನ ಮೊದಲ ಉಪಬಂಧದಲ್ಲಿ ಅದು ಇತ್ತು. ಆದರೆ ಭಾರತೀಯ ಕಂಪನಿಗಳ ಷೇರು, ಡಿಬೆಂಚರುಗಳಿಗಷ್ಟೇ, ಮನೆಗೆ ಅನ್ವಯಿಸುತ್ತಿರಲಿಲ್ಲ. ಷೇರು ಕೊಂಡವರ ವಿನಿಮಯ ನಷ್ಟ ಕಾನೂನಿನ ಕಣ್ಣಿಗೆ ಬಿದ್ದಿತ್ತು, ಅಪ್ಪ ಅಮ್ಮನಿಗೆ ಮನೆ ಕೊಂಡವರದು ಬೀಳಲಿಲ್ಲ. ಅಮೆರಿಕದವರಿಗೆ ಇನ್ನೂ ಒಂದು ತೊಡಕಿದೆ. ಅಲ್ಲಿಯ ಸರ್ಕಾರ ಗಳಿಕೆಯನ್ನು ಡಾಲರಿನಲ್ಲಿ ಎಣಿಸುತ್ತದೆ. ಡಾಲರಿನಲ್ಲಿ ಗಳಿಕೆಯಿಲ್ಲವಾದರೆ ಅಲ್ಲಿ ತೆರಿಗೆಯಿಲ್ಲ. ಅಲ್ಲಿ ತೆರಿಗೆಯಿಲ್ಲವಾದರೆ ಇಲ್ಲಿ ಕಟ್ಟಿದ್ದನ್ನು ಅದರಲ್ಲಿ ಕಳೆದುಕೊಳ್ಳುವುದಕ್ಕೂ ಬರುವುದಿಲ್ಲ.

ತೆರಿಗೆ ಎಷ್ಟು ಎಂಬುದಕ್ಕಿಂತ ಅದನ್ನು ಹಿಡಿಯುವ ಬಗೆ ಮಾರಾಟದ ಬೆಲೆಯನ್ನು ಹೆಚ್ಚು ತಗ್ಗಿಸುತ್ತದೆ ಎಂಬುದು ನನ್ನ ಅಭಿಪ್ರಾಯ. ನಿವಾಸಿಗಳಿಂದ 50 ಲಕ್ಷ ಅಥವಾ ಅದಕ್ಕೂ ಮೇಲಿನ ಬೆಲೆಯ ಮನೆ ಕೊಳ್ಳುವವರು ಬೆಲೆಯ ಶೇ. 1ನ್ನು ಟಿಡಿಎಸ್ ಎಂದು ಹಿಡಿದು ಸರ್ಕಾರಕ್ಕೆ ಕಟ್ಟಬೇಕು. 86 ಲಕ್ಷಕ್ಕೆ 86 ಸಾವಿರ. ಮಾರುವವರು ಅನಿವಾಸಿಯಾದರೆ ನಿಯಮ ಬೇರೆ. ಗಳಿಕೆ ಎಷ್ಟೆಂದು ಕೊಳ್ಳುವವರಿಗೆ ಗೊತ್ತಿರುವುದಿಲ್ಲ. ತಾವು ಸುರಕ್ಷಿತವಾಗಿರಲೆಂದು ಅವರು ಪೂರ್ತಿ ಬೆಲೆಯ ಮೇಲೆ ಹಿಡಿಯುತ್ತಾರೆ. ಸರ್ಚಾರ್ಜು, ಸೆಸ್ ಸೇರಿದರೆ ಶೇ. 14.3, ನಮ್ಮ ಉದಾಹರಣೆಯಲ್ಲಿ 12 ಲಕ್ಷ 30 ಸಾವಿರ. ಹೆಚ್ಚಾಗಿ ಹೋದ 6 ಲಕ್ಷಕ್ಕೂ ಮಿಕ್ಕ ಹಣ ರಿಟರ್ನ್ ಸಲ್ಲಿಸಿ ಕಾದರೆ ವಾಪಸು ಬರುತ್ತದೆ. ಕಡಿಮೆ ಹಿಡಿದರೆ ಹೊಣೆ ಕೊಂಡವರ ತಲೆಗೆ. ಹೀಗಾಗಿ ಅನಿವಾಸಿಗಳ ಮನೆ ಎಂದೊಡನೆ ಕೊಳ್ಳುವವರು ಹಿಂಜರಿಯುತ್ತಾರೆ, ಇಲ್ಲವೇ ಚೌಕಾಸಿಗೆ ಇಳಿಯುತ್ತಾರೆ. ಮಾರುವವರು ಮೂರು ವಾರದ ರಜೆಯಲ್ಲಿ ಬಂದಿರುತ್ತಾರೆ. ವಾಪಸು ಹೋಗುವ ಟಿಕೆಟ್ ಕೈಯಲ್ಲಿ ಹಿಡಿದು ಬೆಲೆ ಮಾತಾಡುವವರ ಬಲ ಎಷ್ಟೆಂದು ವ್ಯಾಪಾರ ಬಲ್ಲವರಿಗೆ ಹೇಳಬೇಕಿಲ್ಲ.

ಬರಲಾಗದವರು ತಮ್ಮ ಕಡೆಯವರಿಗೆ ಅಧಿಕಾರ ಪತ್ರ, ಜನರ ಬಾಯಲ್ಲಿ ಜಿಪಿಎ, ಬರೆದುಕೊಡುತ್ತಾರೆ. ಹೊರದೇಶದಲ್ಲಿ ಬರೆದ ಪತ್ರ ಭಾರತ ತಲುಪಿದ 3 ತಿಂಗಳೊಳಗೆ ಅದಕ್ಕೆ ಇಲ್ಲಿಯ ಮುದ್ರಾಂಕ ಶುಲ್ಕ ಕಟ್ಟಬೇಕು. ಜಿಪಿಎ ಮೂಲಕವೇ ಮನೆ ಕೈಬದಲಾಗುವ ಹಳೆಯ ರೂಢಿ ಒಡೆತನ ಕೊಡುವುದಿಲ್ಲವೆಂದು ಸುಪ್ರೀಂ ಕೋರ್ಟ್ 2011ರ ಸೂರಜ್ ಲ್ಯಾಂಪ್ ತೀರ್ಪಿನಲ್ಲಿ ಸ್ಪಷ್ಟಪಡಿಸಿದೆ. ನೋಂದಾಯಿತ ಕ್ರಯಪತ್ರವೇ ಬೇಕು.

ಕ್ರಯಪತ್ರದಲ್ಲಿ ಕಾಣುವ ಬೆಲೆಯನ್ನು ಸಂಶೋಧಕರು ಎಷ್ಟು ನಂಬಬಹುದು? ರಾಜ್ಯ ಸರ್ಕಾರ ಬೀದಿಬೀದಿಗೂ ಮಾರ್ಗಸೂಚಿ ದರ ಗೊತ್ತುಮಾಡಿದೆ. 2023ರ ಅಕ್ಟೋಬರ್ 1ರಿಂದ ಅದು ಪರಿಷ್ಕೃತವಾಯಿತು. ಅದಕ್ಕಿಂತ ಕಡಿಮೆ ಬೆಲೆ ಬರೆದರೂ ಮುದ್ರಾಂಕ ಶುಲ್ಕಕ್ಕೆ ಮಾರ್ಗಸೂಚಿ ದರವೇ ಆಧಾರ. ಹಾಗಾಗಿ ಕಪ್ಪುಹಣ ಕೈಬದಲಾಗುವ ವ್ಯವಹಾರಗಳಲ್ಲಿ ಪತ್ರದ ಬೆಲೆ ಆ ದರದ ಹತ್ತಿರಕ್ಕೇ ಬಂದು ನಿಲ್ಲುತ್ತದೆ. ಹೊರದೇಶದವರ ಕ್ರಯಪತ್ರಗಳು ಈ ವಿಷಯದಲ್ಲಿ ಹೆಚ್ಚು ನಂಬಿಕೆಗೆ ಅರ್ಹ ಎಂದು ನನಗನ್ನಿಸುತ್ತದೆ. ಫೆಮಾ ಪ್ರಕಾರ ಅವರ ಹಣ ಬ್ಯಾಂಕಿನ ಮೂಲಕವೇ ಬರಬೇಕು, ಬ್ಯಾಂಕಿನ ಮೂಲಕವೇ ಹೋಗಬೇಕು. ನಗದು ತೆಗೆದುಕೊಂಡರೆ ಅದನ್ನು ಹೊರಗೆ ಒಯ್ಯುವ ದಾರಿಯೇ ಇಲ್ಲ. ಉತ್ತರ ಬೆಂಗಳೂರಿನ ನಿಜವಾದ ಬೆಲೆ ಹುಡುಕುವವರು ಈ ಪತ್ರಗಳಿಂದ ಶುರುಮಾಡುವುದು ಒಳ್ಳೆಯದು.

ಯಶವಂತಪುರದಲ್ಲಿ ರೈಲು ಹತ್ತಿ ಸಕಲೇಶಪುರದ ಘಟ್ಟ ಇಳಿದರೆ ಕರಾವಳಿ. ರಜೆಗೊಂದು ಮನೆ, ಕಡಲಿಗೆ ಮುಖ ಮಾಡಿದ ಒಂದು ತುಂಡು ಜಾಗ ಬೇಕೆಂಬ ಆಸೆ ಅಲ್ಲಿಗೆ ಕರೆದೊಯ್ಯುತ್ತದೆ. 2020ರಲ್ಲಿ ಕರ್ನಾಟಕ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಮುಗಳನ್ನು ತೆಗೆದ ಮೇಲೆ 'ಇನ್ನು ಯಾರು ಬೇಕಾದರೂ ಜಮೀನು ತಗೋಬಹುದು' ಎಂಬ ಮಾತು ಹಬ್ಬಿತು. ಹೊರದೇಶದವರ ಮಟ್ಟಿಗೆ ಅದು ತಪ್ಪು. ರಾಜ್ಯ ತೆರೆದ ಬಾಗಿಲನ್ನು ಕೇಂದ್ರದ ಫೆಮಾ ಇನ್ನೂ ಮುಚ್ಚಿಯೇ ಇಟ್ಟಿದೆ. ಪಿತ್ರಾರ್ಜಿತವಾಗಿ ಬಂದರೆ ಇಟ್ಟುಕೊಳ್ಳಬಹುದು, ಕೊಳ್ಳುವಂತಿಲ್ಲ. ಭೂಪರಿವರ್ತನೆಯಾದ ನಿವೇಶನವಾದರೂ ಕಡಲ ಅಂಚಿನಲ್ಲಿದ್ದರೆ ಕರಾವಳಿ ನಿಯಂತ್ರಣ ವಲಯದ ನಿಯಮ ಅಡ್ಡ ಬರುತ್ತದೆ: 2019ರ ಅಧಿಸೂಚನೆಯ ಪ್ರಕಾರ ಜನ ಒತ್ತಾಗಿರುವ ಹಳ್ಳಿಗಾಡಿನಲ್ಲಿ ಉಬ್ಬರದ ಗೆರೆಯಿಂದ 50 ಮೀಟರ್, ಉಳಿದ ಹಳ್ಳಿಗಾಡಿನಲ್ಲಿ 200 ಮೀಟರ್ ಹೊಸ ಕಟ್ಟಡಕ್ಕೆ ನಿಷಿದ್ಧ. ಗೋಕರ್ಣದಂಥ ಊರಿನಲ್ಲಿ ನೆಲೆ ಬಯಸುವ ಪ್ರವಾಸಿ ವೀಸಾದ ವಿದೇಶಿಯರಿಗೆ ಗುತ್ತಿಗೆಯೊಂದೇ ದಾರಿ. ಸ್ಥಳೀಯ ಸ್ನೇಹಿತರ ಹೆಸರಿನಲ್ಲಿ ಕೊಂಡರೆ ಬೇನಾಮಿ ಕಾಯ್ದೆಯಡಿ ಆಸ್ತಿಯನ್ನೇ ಸರ್ಕಾರ ಮುಟ್ಟುಗೋಲು ಹಾಕಿಕೊಳ್ಳಬಹುದು. 2016ರ ನವೆಂಬರ್ 1ರಿಂದ ಆ ಕಾಯ್ದೆಗೆ ನಿಜವಾದ ಹಲ್ಲು ಬಂದಿದೆ.

ಬೇರೆ ದೇಶಗಳಲ್ಲೂ ಹೊರಗಿನ ಮಾಲೀಕರಿಂದ ಮುಂಗಡ ತೆರಿಗೆ ಹಿಡಿಯುತ್ತಾರೆ. ಬ್ರಿಟನ್ನಿನವರು ಕಡಲತೀರದ ರಜಾಮನೆಗಳನ್ನು ಕೊಳ್ಳುವ ಸ್ಪೇನಿನಲ್ಲಿ ಅದು ಬೆಲೆಯ ಶೇ. 3. ಅಮೆರಿಕದಲ್ಲಿ 2016ರಿಂದ ಸಾಮಾನ್ಯವಾಗಿ ಶೇ. 15. ನಮ್ಮ ಶೇ. 14.3 ಅಮೆರಿಕದ ಪಕ್ಕ ಕೂರುತ್ತದೆ. ಅಷ್ಟು ದೊಡ್ಡ ಮೊತ್ತ ಹಿಡಿಯಲೇಬೇಕೆಂದು ನನಗನ್ನಿಸುವುದಿಲ್ಲ. 2024ರ ಆಗಸ್ಟಿನಲ್ಲಿ ನಿವಾಸಿಗಳಿಗೆ ಕೊಟ್ಟ ಆಯ್ಕೆಯನ್ನು ಅದೇ ದಿನಾಂಕಕ್ಕೆ ಮುಂಚೆ ಕೊಂಡ ಅನಿವಾಸಿಗಳಿಗೂ ಕೊಡಬೇಕು. ಒಂದೇ ಮಹಡಿಯ ಎರಡು ಬಾಗಿಲುಗಳ ನಡುವೆ 6 ಲಕ್ಷ ರೂಪಾಯಿಯ ಅಂತರ ಇಡುವುದಕ್ಕೆ ಒಪ್ಪುವಂಥ ಕಾರಣ ನನಗೆ ಸಿಕ್ಕಿಲ್ಲ.

ಹೊರದೇಶದಲ್ಲಿದ್ದು ಇಲ್ಲಿ ಮನೆ ಮಾರಲು ಹೊರಟಿರುವವರಲ್ಲಿ ಒಂದು ವಿನಂತಿ. ಟಿಕೆಟ್ ಕಾಯ್ದಿರಿಸುವ ಮುಂಚೆಯೇ ಆದಾಯ ತೆರಿಗೆ ಇಲಾಖೆಗೆ ಕಡಿಮೆ ಟಿಡಿಎಸ್ ಪ್ರಮಾಣಪತ್ರಕ್ಕೆ ಅರ್ಜಿ ಹಾಕಿ. ಅದು ಕೈಗೆ ಬಂದರೆ ಕೊಳ್ಳುವವರು ಪೂರ್ತಿ ಬೆಲೆಯ ಮೇಲೆ ಹಿಡಿಯಬೇಕಿಲ್ಲ. ಮನೆ ಕೊಂಡಾಗ ಹೊರಗಿನಿಂದ ಹಣ ಬಂದುದಕ್ಕೆ ಬ್ಯಾಂಕ್ ಕೊಟ್ಟ ಪತ್ರವನ್ನು ಹುಡುಕಿ ತೆಗೆದಿಡಿ. ಹಾಕಿದ ಅಸಲನ್ನು ಹೊರಗೆ ಒಯ್ಯುವಾಗ ಬ್ಯಾಂಕಿನವರು ಮೊದಲು ಕೇಳುವುದು ಅದನ್ನೇ.