ಗಡಿ ಪ್ರವೇಶ ನಿರ್ಬಂಧ (ಬೆಳಗಾವಿ ಜಿಲ್ಲೆ)

ಕರ್ನಾಟಕ–ಮಹಾರಾಷ್ಟ್ರ ಗಡಿ ವಿವಾದದ ಹಿನ್ನೆಲೆಯಲ್ಲಿ ಬೆಳಗಾವಿಗೆ ಹೊರಡುವ ಮಹಾರಾಷ್ಟ್ರದ ಸಚಿವರು, ಸಂಸದರು, ಶಾಸಕರನ್ನು ಶಾಂತಿಭಂಗದ ಆತಂಕದಿಂದ ರಾಜ್ಯದ ಗಡಿಯಲ್ಲೇ ತಡೆಯುವ ಜಿಲ್ಲಾಡಳಿತದ ಕ್ರಮ. ಇದಕ್ಕೆಂದೇ ಕಾಯ್ದೆಯಿಲ್ಲ. ದಂಡ ಪ್ರಕ್ರಿಯಾ ಸಂಹಿತೆಯ 144ನೇ ಕಲಮಿನಡಿ ಜಿಲ್ಲಾಧಿಕಾರಿ ಹೊರಡಿಸುವ ತಾತ್ಕಾಲಿಕ ಆದೇಶವೇ ಇದಕ್ಕೆ ಆಧಾರವಾಗಿತ್ತು. 2024ರ ಜುಲೈ 1ರಿಂದ ಆ ಅಧಿಕಾರ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 163ನೇ ಕಲಮಿನಲ್ಲಿದೆ.

ಬೆಳಗಾವಿ ಕರ್ನಾಟಕದಲ್ಲೇ ಉಳಿಯಬೇಕೆಂದ 1967ರ ಮಹಾಜನ ಆಯೋಗದ ವರದಿಯನ್ನು ಮಹಾರಾಷ್ಟ್ರ ಒಪ್ಪಲಿಲ್ಲ. 2004ರಲ್ಲಿ ಸುಪ್ರೀಂ ಕೋರ್ಟಿಗೆ ಹೋಯಿತು. 1986ರ ಗಡಿ ಚಳವಳಿಯಲ್ಲಿ ಶಿವಸೇನೆಯ ಛಗನ್ ಭುಜಬಲ್ ವೇಷ ಮರೆಸಿಕೊಂಡು ಬೆಳಗಾವಿ ಹೊಕ್ಕು ಬಂಧನಕ್ಕೊಳಗಾದರು.

ಕಟ್ಟುನಿಟ್ಟು ಹೆಚ್ಚು ಕಂಡದ್ದು 2022ರ ಡಿಸೆಂಬರಿನಲ್ಲಿ. ಗಡಿ ಸಮನ್ವಯದ ಹೊಣೆ ಹೊತ್ತಿದ್ದ ಮಹಾರಾಷ್ಟ್ರದ ಸಚಿವರಾದ ಚಂದ್ರಕಾಂತ ಪಾಟೀಲ ಮತ್ತು ಶಂಭುರಾಜ ದೇಸಾಯಿ 6ರಂದು ಬರುವವರಿದ್ದರು. ಆ ಭೇಟಿ ನಡೆಯಲಿಲ್ಲ. ಅದೇ ದಿನ ಹಿರೇಬಾಗೇವಾಡಿ ಟೋಲ್ ಬಳಿ ಮಹಾರಾಷ್ಟ್ರದ ಲಾರಿಗಳ ಮೇಲೆ ಕಲ್ಲು ಬಿದ್ದವು. ಬೆಳಗಾವಿಯ ಸುವರ್ಣ ವಿಧಾನಸೌಧದಲ್ಲಿ ಕರ್ನಾಟಕ ವಿಧಾನಮಂಡಲದ ಅಧಿವೇಶನ ಆರಂಭವಾದ 19ರಂದು ಹಾತಕಣಂಗಲೆಯ ಸಂಸದ ಧೈರ್ಯಶೀಲ ಮಾನೆ ಅವರಿಗೆ ಪ್ರವೇಶ ನಿರಾಕರಿಸಲಾಯಿತು. ಕಾಗಲದ ಶಾಸಕ ಹಸನ್ ಮುಶ್ರಿಫ್ ಮತ್ತು ಬೆಂಬಲಿಗರನ್ನು ನಿಪ್ಪಾಣಿ ತಾಲ್ಲೂಕಿನ ಕೊಗನೋಳಿಯಲ್ಲಿ ಪೊಲೀಸರು ತಡೆದರು.

ಸಂವಿಧಾನದ 19ನೇ ವಿಧಿ ದೇಶದೊಳಗೆ ಎಲ್ಲಿ ಬೇಕಾದರೂ ಓಡಾಡುವ ಹಕ್ಕು ಕೊಟ್ಟು, ಸಾರ್ವಜನಿಕ ಹಿತ ಇಲ್ಲವೇ ಪರಿಶಿಷ್ಟ ಪಂಗಡಗಳ ಹಿತಕ್ಕಾಗಿ ಮಿತಿ ಹಾಕಲು ಅವಕಾಶವಿಟ್ಟಿದೆ. ನಾಗಾಲ್ಯಾಂಡ್, ಮಿಜೋರಾಂಗಳಿಗೆ ಹೊರಗಿನವರು ಹೋಗಲು ಪರವಾನಗಿ ಬೇಕಾಗುವುದು 1873ರ ನಿಯಮದಿಂದ, ಬುಡಕಟ್ಟು ನೆಲದ ರಕ್ಷಣೆಗಾಗಿ. ಬೆಳಗಾವಿಯ ತಡೆ ಆ ಬಗೆಯದಲ್ಲ. ಹುಕ್ಕೇರಿ ಸೀಮೆಯ ಯಮಕನಮರಡಿ ವಿಧಾನಸಭಾ ಕ್ಷೇತ್ರ ಪರಿಶಿಷ್ಟ ಪಂಗಡಕ್ಕೆ ಮೀಸಲು. ಅಲ್ಲಿಗೆ ಹೋಗಲು ಯಾರ ಪರವಾನಗಿಯೂ ಬೇಡ. ಇಲ್ಲಿ ಅಡ್ಡ ಬರುವುದು ಶಾಂತಿಪಾಲನೆಯ ಆದೇಶ ಮಾತ್ರ. ಕಲ್ಲು ಹಾರುವ ಹೊತ್ತಿನಲ್ಲಿ ಅದಕ್ಕೆ ಅರ್ಥವಿದೆ. ಆದರೆ ಚುನಾಯಿತರನ್ನು ತಡೆಯುವ ಆದೇಶ ವ್ಯಕ್ತಿ, ದಿನ, ಕಾರಣ ಹೇಳಿ ಅಲ್ಲಿಗೇ ಮುಗಿಯಬೇಕು, ರೂಢಿಯಾಗಬಾರದು.

ತಡೆಯ ಬಿಸಿ ನಾಯಕರಿಗಿಂತ ಹೆಚ್ಚು ತಟ್ಟುವುದು ಊರವರಿಗೆ. ಗೋಕಾಕ, ಹುಕ್ಕೇರಿ ಕಡೆಯವರು ಸಂಕೇಶ್ವರ, ನಿಪ್ಪಾಣಿ ದಾಟಿ ಕೊಲ್ಹಾಪುರದ ಆಸ್ಪತ್ರೆಗೆ, ಸಂತೆಗೆ, ಬೀಗರ ಮನೆಗೆ ಹೋಗುತ್ತಾರೆ; ಗಡಹಿಂಗ್ಲಜದವರು ಸಂಕೇಶ್ವರ ಪೇಟೆಗೆ ಬರುತ್ತಾರೆ. ಎರಡೂ ಭಾಷೆ ಆಡುವ ಈ ಜನರಿಗೆ 2022ರ ಆ ಡಿಸೆಂಬರಿನಲ್ಲಿ ಎರಡೂ ರಾಜ್ಯಗಳ ಬಸ್ಸುಗಳು ಕೆಲಕಾಲ ನಿಂತವು.

2022ರ ಡಿಸೆಂಬರ್ 14ರಂದು ಕೇಂದ್ರ ಗೃಹ ಸಚಿವ ಅಮಿತ್ ಶಾ ಕರೆದ ಸಭೆಯಲ್ಲಿ ಮುಖ್ಯಮಂತ್ರಿಗಳಾದ ಬಸವರಾಜ ಬೊಮ್ಮಾಯಿ ಮತ್ತು ಏಕನಾಥ ಶಿಂದೆ, ಸುಪ್ರೀಂ ಕೋರ್ಟಿನ ತೀರ್ಪು ಬರುವವರೆಗೆ ಹೊಸ ಹಕ್ಕು ಸಾಧಿಸುವುದಿಲ್ಲವೆಂದೂ ತಲಾ ಮೂವರು ಸಚಿವರು ಕೂತು ಮಾತನಾಡಬೇಕೆಂದೂ ಒಪ್ಪಿದರು.