ಕೊಟ್ಟಿಗೆಯ ಕಡೆಯಿಂದ ಬಂದ ಕಾದಂಬರಿ

ದೇವನೂರ ಮಹಾದೇವ ಅವರ ‘ಕುಸುಮಬಾಲೆ’ಯ ಬಗ್ಗೆ ಓದುಗರಲ್ಲಿ ಮೊದಲಿನಿಂದಲೂ ಒಂದು ದೂರಿದೆ: ಕೃತಿ ದೊಡ್ಡದೇ ಇರಬಹುದು, ಆದರೆ ಓದಿದರೆ ಅರ್ಥವಾಗುವುದಿಲ್ಲ. ಮೇಲ್ಜಾತಿಯ ಕುಸುಮಳನ್ನು ಪ್ರೀತಿಸಿ ಕೊಲೆಯಾದ ದಲಿತ ಹುಡುಗ ಚನ್ನನ ಕತೆಯನ್ನು ಅದು ನಂಜನಗೂಡು ಸೀಮೆಯ ಆಡುಮಾತಿನಲ್ಲೇ ಹೇಳುತ್ತದೆ. 1990ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದ ಮೇಲೂ ದೂರು ನಿಲ್ಲಲಿಲ್ಲ. ವಿದ್ವಾಂಸರಾದ ಎಲ್. ಬಸವರಾಜು ಅದರ ಗದ್ಯವನ್ನು ಸಾಲು ಸಾಲಾಗಿ ಒಡೆದು, ಕಾವ್ಯದ ರೂಪಕ್ಕೆ ತಂದು ಓದುಗರಿಗೆ ದಾರಿ ಮಾಡಿಕೊಟ್ಟರು. ಕನ್ನಡದ ಕಾದಂಬರಿಯನ್ನು ಕನ್ನಡಿಗರಿಗೇ ಹೀಗೆ ಬಿಡಿಸಿಕೊಡಬೇಕಾಗಿ ಬಂದದ್ದನ್ನು ಲೇಖಕರ ಹಟ ಎಂದು ತಳ್ಳಿಹಾಕುವುದು ಸುಲಭ. ನನಗೆ ಕಾಣುವುದು ಬೇರೆ. ಈ ತೊಡಕಿನ ಬೇರು ನಂಜನಗೂಡು, ತಿ. ನರಸೀಪುರ ತಾಲ್ಲೂಕುಗಳಲ್ಲಿ ಆಳುಗಳನ್ನು ಎಲ್ಲಿ ನಿಲ್ಲಿಸುತ್ತಿದ್ದರು ಎಂಬ ಚರಿತ್ರೆಯಲ್ಲಿದೆ.

ಹೋಲಿಕೆಗೆ ಅಮೆರಿಕದ ಕಾದಂಬರಿಯೊಂದನ್ನು ಇಟ್ಟುಕೊಳ್ಳಬಹುದು. ಕ್ಯಾಥ್ರಿನ್ ಸ್ಟಾಕೆಟ್ ಅವರ ‘ದಿ ಹೆಲ್ಪ್’ 2009ರಲ್ಲಿ ಬಂತು. 1960ರ ದಶಕದ ಮಿಸಿಸಿಪ್ಪಿಯಲ್ಲಿ ಬಿಳಿಯರ ಮನೆಗಳಲ್ಲಿ ದುಡಿಯುವ ಕಪ್ಪು ಹೆಂಗಸರ ಕತೆ ಅದು. ಅವರು ಅಡುಗೆ ಮಾಡುತ್ತಾರೆ, ಮಕ್ಕಳನ್ನು ಎತ್ತಿ ಆಡಿಸುತ್ತಾರೆ, ಆದರೆ ಶೌಚಾಲಯ ಮಾತ್ರ ಬೇರೆ ಇರಬೇಕು. ಲಕ್ಷಾಂತರ ಜನ ಅದನ್ನು ಮೆಚ್ಚಿ ಓದಿದರು. 2011ರಲ್ಲಿ ಅಲ್ಲಿನ ಕಪ್ಪು ಮಹಿಳಾ ಇತಿಹಾಸಕಾರರ ಸಂಘ ಬಹಿರಂಗ ಹೇಳಿಕೆ ಹೊರಡಿಸಿ, ಕೆಲಸದವರ ಮಾತನ್ನು ಕೃತಿ ವಿಕಾರಗೊಳಿಸಿದೆ, ಅವರು ಪಟ್ಟ ಪಾಡನ್ನು ಹಗುರಗೊಳಿಸಿದೆ ಎಂದು ಆಕ್ಷೇಪಿಸಿತು. ಆ ಜಗಳವೇನೇ ಇರಲಿ, ಅಲ್ಲಿನ ಕತೆ ನಡೆಯುವುದು ಹೆಚ್ಚಾಗಿ ಒಡತಿಯ ಅಡುಗೆಮನೆಯಲ್ಲಿ. ಒಡೆಯರ ಲೋಕವನ್ನು ಬಲ್ಲ ಓದುಗರಿಗೆ ಅದು ಗುರುತಿನ ಜಾಗ.

ಮೈಸೂರು ಸೀಮೆಯ ಹಳ್ಳಿಯಲ್ಲಿ ಅಂಥ ಅಡುಗೆಮನೆಯ ಕತೆ ಹುಟ್ಟುವಂತಿರಲಿಲ್ಲ. ಇಲ್ಲಿ ದಲಿತ ಆಳು ಹೊಸ್ತಿಲು ದಾಟುತ್ತಿರಲಿಲ್ಲ. ಅವನ ಕೆಲಸವೆಲ್ಲ ಹೊಲ, ಗದ್ದೆ, ಕಣ, ಕೊಟ್ಟಿಗೆಗಳಲ್ಲಿ. ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ 1948ರಲ್ಲಿ ಬನ್ನೂರು ಕಡೆಯ ಕೊಡಗಹಳ್ಳಿಯಲ್ಲಿ ನೆಲೆಸಿ ಅಧ್ಯಯನ ಮಾಡಿದರು. ಊರಿಗೆ ರಾಂಪುರ ಎಂದು ಹೆಸರು ಬದಲಿಸಿ ಅವರು ಬರೆದ ಪುಸ್ತಕ 1976ರಲ್ಲಿ ಪ್ರಕಟವಾಯಿತು. ಊರ ಯಜಮಾನರು ಅವರಿಗೆ ಬಿಟ್ಟುಕೊಟ್ಟದ್ದು ಎತ್ತು ಕಟ್ಟುವ ಮನೆಯ ಒಂದು ಕೋಣೆ. ಹೀಗಾಗಿ ಜೀತದಾಳುಗಳ ದಿನಚರಿ ಅವರ ಕಣ್ಣೆದುರೇ ಇತ್ತು. ಮುಂಗಡ ಹಣ, ಊಟ, ಬಟ್ಟೆಗೆ ವರ್ಷಗಟ್ಟಲೆ ದುಡಿಯುವ ಕರಾರು ಜೀತ. ಅದರ ಪಕ್ಕದಲ್ಲೇ ‘ಹಳೆಮಗ’ ಎಂಬ ತಲೆಮಾರಿನ ಕಟ್ಟು ಇತ್ತು. ಒಂದು ದಲಿತ ಕುಟುಂಬ ಒಂದು ಒಕ್ಕಲು ಕುಟುಂಬಕ್ಕೆ ಗಂಟುಬಿದ್ದಿರುತ್ತಿತ್ತು. ಸತ್ತ ದನ ಸಾಗಿಸುವುದು, ಮದುವೆಯ ಹೊರಗೆಲಸ ಅದರ ಪಾಲು, ಸುಗ್ಗಿಯಲ್ಲಿ ಸಿಗುವ ಭತ್ತ, ಹುಲ್ಲು ಅದಕ್ಕೆ ಪ್ರತಿಫಲ. ಒಡೆಯನ ಮನೆಯ ಮದುವೆ, ಸಾವು ಎರಡರಲ್ಲೂ ಇವರು ಬೇಕು, ಒಳಗೆ ಮಾತ್ರ ಬರಕೂಡದು.

ಇದಕ್ಕೊಂದು ಆಕ್ಷೇಪ ಬರುತ್ತದೆ: ಜೀತಕ್ಕಿದ್ದವರು ದಲಿತರಷ್ಟೇ ಅಲ್ಲ, ಬಡ ಒಕ್ಕಲಿಗ ಹುಡುಗರೂ ಇದ್ದರಲ್ಲ, ಇದು ಬಡತನದ ಕತೆ, ಜಾತಿಯದಲ್ಲ. ಮೊದಲರ್ಧ ನಿಜ. ಶ್ರೀನಿವಾಸರ ಬರವಣಿಗೆಯಲ್ಲೇ ಅದಕ್ಕೆ ಸಾಕ್ಷ್ಯವಿದೆ. ಆದರೆ ಸಾಲ ತೀರಿಸಿದ ಒಕ್ಕಲಿಗ ಹುಡುಗ ಅದೇ ಮನೆಯ ಪಂಕ್ತಿಯಲ್ಲಿ ಕೂತು ಉಣ್ಣಬಹುದಿತ್ತು, ನೆಂಟಸ್ತನಕ್ಕೂ ಅಡ್ಡಿಯಿರಲಿಲ್ಲ. ದಲಿತ ಆಳು ಸಾಲ ತೀರಿಸಿದರೂ ನಿಲ್ಲಬೇಕಾದ ಜಾಗ ಬದಲಾಗುತ್ತಿರಲಿಲ್ಲ. ಜಾತಿಯನ್ನು ವರ್ಣಭೇದಕ್ಕೆ ಸಮ ಮಾಡಬಾರದೆಂಬ ಮಾತೂ ಸರಿಯೇ. ನಾನು ಹೋಲಿಸುತ್ತಿರುವುದು ದೂರ ಇಡುವ ಎರಡು ಏರ್ಪಾಡುಗಳನ್ನು. ಅಲ್ಲಿ ಒಳಗೆ ಕರೆದು ಗೆರೆ ಎಳೆದರು, ಇಲ್ಲಿ ಹೊಸ್ತಿಲೇ ಗೆರೆಯಾಯಿತು.

ಭಾಷೆಯ ಪ್ರಶ್ನೆಗೆ ಇದು ನೇರ ತಗಲುತ್ತದೆ. ‘ಕುಸುಮಬಾಲೆ’ಯ ಮಾತು ದಲಿತರದ್ದು ಮಾತ್ರವಲ್ಲ, ಆ ಸೀಮೆಯ ಲಿಂಗಾಯತರೂ ಒಕ್ಕಲಿಗರೂ ಹೆಚ್ಚುಕಡಿಮೆ ಹಾಗೇ ಮಾತಾಡುತ್ತಾರೆ ಎಂದು ಯಾರಾದರೂ ಹೇಳಿದರೆ ಒಪ್ಪಬೇಕು. ಒಪ್ಪಿದರೆ ನನ್ನ ವಾದ ಗಟ್ಟಿಯೇ ಆಗುತ್ತದೆ. ಒಡೆಯ ಕಣದಲ್ಲಿ ಆ ಮಾತಾಡಿ, ಲೇಖನಿ ಹಿಡಿದಾಗ ಶಿಷ್ಟ ಕನ್ನಡಕ್ಕೆ ಹೊರಳಿಕೊಂಡ. ಆಳಿನ ಕೈಗೆ ಲೇಖನಿ ಬಂದದ್ದೇ ತಡವಾಗಿ. ಹಾಗಾಗಿ ಕಣದ ಮಾತಿಗೆ ಅಚ್ಚಿನಲ್ಲಿ ನಿರೂಪಣೆಯ ಅಧಿಕಾರ ಸಿಗಲಿಲ್ಲ, ಸಿಕ್ಕಿದ್ದು ಸಂಭಾಷಣೆಯ ಮೂಲೆ. ಸಿ. ಬಸವಲಿಂಗಯ್ಯ ಇದೇ ಕೃತಿಯನ್ನು ರಂಗಕ್ಕೆ ತಂದಾಗ ಪ್ರೇಕ್ಷಕರ ಕಿವಿಗೆ ಅದು ದಕ್ಕಿತು. ತೊಡಕಿದ್ದದ್ದು ಮಾತಿನಲ್ಲಲ್ಲ, ನಮ್ಮ ಓದಿನ ಅಭ್ಯಾಸದಲ್ಲಿ.

ಹಾಗಾದರೆ ಆಳಿನ ಕತೆಯನ್ನು ಆ ಜಾತಿಯವರೇ ಬರೆಯಬೇಕೆ? ದಲಿತರಲ್ಲದ ಶಿವರಾಮ ಕಾರಂತರ ‘ಚೋಮನ ದುಡಿ’ 1933ರಷ್ಟು ಹಿಂದೆಯೇ ಬಂದಿತ್ತು. ಬೇಸಾಯದ ಆಸೆ ಹೊತ್ತ ಚೋಮನ ಸಂಕಟವನ್ನು ಅದು ಸುಳ್ಳಾಗಿಸಿಲ್ಲ. ಹುಟ್ಟೇ ಅರ್ಹತೆ ಎನ್ನಲು ನನಗಂತೂ ಬಾಯಿ ಬಾರದು. ಆದರೆ ಮಹಾದೇವರ ‘ಒಡಲಾಳ’ದಲ್ಲಿ ನೋಟದ ದಿಕ್ಕೇ ತಿರುಗಿತು. ಸಾಹುಕಾರನ ಕಡಲೆಕಾಯಿ ಮೂಟೆ ಕಳುವಾಗಿದೆ. ದಲಿತ ಮುದುಕಿ ಸಾಕವ್ವನ ಮನೆಯವರು ಒಲೆಯ ಸುತ್ತ ಕೂತು, ಮಾತಾಡುತ್ತ, ನಗುತ್ತ ರಾತ್ರಿಯೆಲ್ಲ ಅದನ್ನು ತಿಂದು ಮುಗಿಸುತ್ತಾರೆ. ಆಮೇಲೆ ಪೊಲೀಸರು ಬಂದು ಮನೆ ಜಾಲಾಡುತ್ತಾರೆ. ಇಲ್ಲಿ ಮನೆ ಎಂದರೆ ಸಾಕವ್ವನ ಮನೆ, ಹೊರಗಿನವರು ಸಾಹುಕಾರ, ಪೊಲೀಸು. ಆಳು ಒಡೆಯನ ಕಣ್ಣಿಗೆ ಬೀಳದ ಹೊತ್ತಿನಲ್ಲಿ ಹೇಗಿರುತ್ತಾನೆ ಎಂಬುದು ಒಡೆಯನ ಮನೆಯ ಲೆಕ್ಕಪುಸ್ತಕದಲ್ಲಿ ಸಿಗದ ಚರಿತ್ರೆ.

ಕೂಲಿ ಬಂದ ಮೇಲೆ ಇದೆಲ್ಲ ಕಳೆಯಿತು ಎನ್ನುವವರಿದ್ದಾರೆ. ಗಾಂಧಿವಾದಿ ತಗಡೂರು ರಾಮಚಂದ್ರರಾಯರ ಕಾಲದಲ್ಲಿ, 1927ರ ಸುಮಾರಿಗೆ ನಂಜನಗೂಡು ತಾಲ್ಲೂಕಿನ ಬದನವಾಳಿನಲ್ಲಿ ಖಾದಿ ಕೇಂದ್ರ ತೆರೆಯಿತು. ನೂತ ನೂಲಿಗೆ ಹೆಂಗಸರ ಕೈಗೇ ಕಾಸು ಬಂತು. ತಿ. ನರಸೀಪುರದ ಸರ್ಕಾರಿ ರೇಷ್ಮೆ ಕಾರ್ಖಾನೆಯೂ ಹಾಗೇ ಒಡೆಯನ ಹಂಗಿಲ್ಲದ ಕೂಲಿ ಕೊಟ್ಟಿತು. 1976ರ ಕಾಯ್ದೆ ಜೀತವನ್ನು ರದ್ದು ಮಾಡಿತು. ಇವು ಸಣ್ಣ ಬದಲಾವಣೆಗಳಲ್ಲ. ಆದರೂ ಅದೇ ಬದನವಾಳಿನಲ್ಲಿ, 1993ರಲ್ಲಿ, ದೇವಸ್ಥಾನ ಪ್ರವೇಶದ ವಿವಾದದ ಬೆನ್ನಿಗೆ ಮೂವರು ದಲಿತರ ಕೊಲೆಯಾಯಿತು. ಕೂಲಿಯ ಲೆಕ್ಕ ಬೇರೆ, ಹೊಸ್ತಿಲಿನ ಲೆಕ್ಕ ಬೇರೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ. ಈಗ ಹಳ್ಳಿಗಳ ಹೆಂಗಸರು ನಗರದ ಅಡುಗೆಮನೆಗಳಿಗೆ ಬಂದಿದ್ದಾರೆ. 2004ರಲ್ಲಿ ಕರ್ನಾಟಕ ಮನೆಗೆಲಸಕ್ಕೂ ಕನಿಷ್ಠ ವೇತನ ಗೊತ್ತುಮಾಡಿತು. ಗೆರೆಯೂ ಅವರ ಹಿಂದೆಯೇ ಒಳಗೆ ಬಂದು ಬೇರೆ ಲೋಟ, ಬೇರೆ ಲಿಫ್ಟ್ ಆಗಿದೆ. ಮಿಸಿಸಿಪ್ಪಿಯ ಏರ್ಪಾಡು ಈಗ ನಮ್ಮದೂ ಹೌದು. ಇದರ ಕತೆಯನ್ನು ಕೆಲಸದವರ ಕಡೆಯಿಂದ ಯಾರಾದರೂ ಬರೆದಾಗ, ಭಾಷೆ ಕಷ್ಟ ಎಂಬ ದೂರಿನೊಂದಿಗೆ ಎದುರುಗೊಳ್ಳದಷ್ಟು ಪಾಠವನ್ನಾದರೂ ‘ಕುಸುಮಬಾಲೆ’ಯಿಂದ ನಾವು ಕಲಿತಿರಬೇಕು.