ಫ್ಯಾಂಟಸಿ ಫುಟ್ಬಾಲ್: ಆಟ ಯಾವುದು, ಪಣ ಯಾವುದು?

ಪಂದ್ಯವನ್ನು ನೋಡಿ ಚಪ್ಪಾಳೆ ತಟ್ಟುವುದಷ್ಟೇ ಅಲ್ಲದೆ, ತಂಡವನ್ನು ತಾನೇ ಕಟ್ಟಿ ನಡೆಸಬೇಕೆಂಬುದು ಪ್ರತಿಯೊಬ್ಬ ಫುಟ್ಬಾಲ್ ಅಭಿಮಾನಿಯ ಒಳಗಿನ ಬಯಕೆ. ಈ ಬಯಕೆಯಿಂದ ಹುಟ್ಟಿದ ಗಣಕಯಂತ್ರ ಹಾಗೂ ಅಂತರ್ಜಾಲದ ಆಟಗಳಲ್ಲಿ ಮುಖ್ಯವಾಗಿ ಎರಡು ಬಗೆ. ನಿಜವಾದ ಆಟಗಾರರನ್ನು ಆರಿಸಿ, ಮೈದಾನದಲ್ಲಿ ಅವರು ತೋರುವ ಸಾಧನೆಗೆ ತಕ್ಕಂತೆ ಅಂಕ ಗಳಿಸುವುದು ಫ್ಯಾಂಟಸಿ ಫುಟ್ಬಾಲ್. ಕ್ಲಬ್ ಒಂದರ ವ್ಯವಸ್ಥಾಪಕನಾಗಿ ಆಟಗಾರರ ಖರೀದಿ, ತರಬೇತಿ, ತಂತ್ರಗಾರಿಕೆ ಎಲ್ಲವನ್ನೂ ನಿರ್ವಹಿಸುವುದು ಮ್ಯಾನೇಜ್‌ಮೆಂಟ್ ಆಟ.

2007ರಲ್ಲಿ ಬೆಂಗಳೂರು ಗ್ರಾಮಾಂತರದಿಂದ ಬೇರ್ಪಟ್ಟು ರಾಮನಗರ ಜಿಲ್ಲೆಯಾಗಿ, 2025ರಲ್ಲಿ ಬೆಂಗಳೂರು ದಕ್ಷಿಣ ಎಂಬ ಹೆಸರು ಪಡೆದ ಜಿಲ್ಲೆಯ ಅಭಿಮಾನಿಗೆ ಇಂಥ ಆಟಗಳ ಆಕರ್ಷಣೆ ಹೆಚ್ಚೆಂದರೆ ಅಚ್ಚರಿಯಿಲ್ಲ. ಬೆಂಗಳೂರು ಎಫ್‌ಸಿ ತಂಡದ ತವರಾದ ಶ್ರೀ ಕಂಠೀರವ ಕ್ರೀಡಾಂಗಣ ಈ ಊರುಗಳಿಂದ ಸುಮಾರು 50ರಿಂದ 60 ಕಿ.ಮೀ. ದೂರದಲ್ಲಿದೆ. ರಾಮನಗರ, ಚನ್ನಪಟ್ಟಣಗಳಿಗೆ ಮೈಸೂರು ಮಾರ್ಗದ ರೈಲುಂಟು. ಕನಕಪುರ, ಮಾಗಡಿಗೆ ರಸ್ತೆಯೊಂದೇ ಗತಿ. ರಾತ್ರಿಯ ಪಂದ್ಯ ಮುಗಿಸಿ ಊರು ಸೇರುವುದು ಸುಲಭವಲ್ಲ. ಕೈಯಲ್ಲಿನ ಮೊಬೈಲ್ ಈ ದೂರವನ್ನು ಅಳಿಸಿತು. ಆದರೆ ಅದೇ ಮೊಬೈಲ್ ಆಟವನ್ನೂ ಪಣವನ್ನೂ ಒಂದೇ ಪರದೆಯ ಮೇಲೆ ತಂದಿಟ್ಟಿತು. ಇವೆರಡರ ನಡುವಿನ ಗೆರೆಯನ್ನು ಗುರುತಿಸುವುದು ಅಭಿಮಾನಿಯ ಜೇಬಿಗೂ ನೆಮ್ಮದಿಗೂ ಸಂಬಂಧಿಸಿದ ಸಂಗತಿಯಾಗಿದೆ.

ಹುಟ್ಟು, ಬೆಳವಣಿಗೆ

ಫ್ಯಾಂಟಸಿ ಕ್ರೀಡೆಯ ಬೇರು ಅಮೆರಿಕದಲ್ಲಿದೆ. 1962ರಲ್ಲಿ ಓಕ್‌ಲೆಂಡ್‌ನ ಉದ್ಯಮಿ ಬಿಲ್ ವಿಂಕನ್‌ಬಾಕ್ ಹಾಗೂ ಅವರ ಸಂಗಡಿಗರು ಅಮೆರಿಕನ್ ಫುಟ್ಬಾಲಿಗಾಗಿ ಇಂಥ ಪದ್ಧತಿಯೊಂದನ್ನು ರೂಪಿಸಿದರು. ಇಟಲಿಯ ಪತ್ರಕರ್ತ ರಿಕಾರ್ಡೊ ಅಲ್ಬಿನಿ 1990ರಲ್ಲಿ 'ಫ್ಯಾಂಟಾಕಾಲ್ಚೊ' ಎಂಬ ಹೆಸರಿನಲ್ಲಿ ಇದನ್ನು ಕಾಲ್ಚೆಂಡಿಗೆ ಒಗ್ಗಿಸಿದರು. ಇಂಗ್ಲೆಂಡಿನಲ್ಲಿ 1991ರಲ್ಲಿ ಆಂಡ್ರ್ಯೂ ವೇನ್‌ಸ್ಟೀನ್ 'ಫ್ಯಾಂಟಸಿ ಲೀಗ್' ಆರಂಭಿಸಿದರು. ಅಂಚೆ ಮತ್ತು ಪತ್ರಿಕೆಗಳ ಮೂಲಕ ನಡೆಯುತ್ತಿದ್ದ ಲೆಕ್ಕಾಚಾರ ಕ್ರಮೇಣ ಅಂತರ್ಜಾಲಕ್ಕೆ ಬಂತು. 2002-03ರ ಋತುವಿನಲ್ಲಿ ಶುರುವಾದ 'ಫ್ಯಾಂಟಸಿ ಪ್ರೀಮಿಯರ್ ಲೀಗ್' ಇಂದು ಒಂದು ಕೋಟಿಗೂ ಹೆಚ್ಚು ಮಂದಿ ನೋಂದಾಯಿಸಿಕೊಳ್ಳುವ ಆಟವಾಗಿ ಬೆಳೆದಿದೆ. ಇದಕ್ಕೆ ಪ್ರವೇಶ ಶುಲ್ಕವಿಲ್ಲ ಎಂಬುದು ಗಮನಾರ್ಹ.

ಆಡುವ ಬಗೆ

ಪ್ರೀಮಿಯರ್ ಲೀಗ್ ಆಟದಲ್ಲಿ ಪ್ರತಿ ಸ್ಪರ್ಧಿಗೂ 10 ಕೋಟಿಯ ಕಾಲ್ಪನಿಕ ಮೊತ್ತ ದೊರೆಯುತ್ತದೆ. ಅದರೊಳಗೆ ಇಬ್ಬರು ಗೋಲ್‌ಕೀಪರ್, ಐವರು ರಕ್ಷಣಾ ಆಟಗಾರರು, ಐವರು ಮಿಡ್‌ಫೀಲ್ಡರ್, ಮೂವರು ಮುನ್ಪಡೆಯವರು, ಹೀಗೆ 15 ಮಂದಿಯನ್ನು ಆರಿಸಬೇಕು. ಒಂದೇ ಕ್ಲಬ್‌ನಿಂದ ಮೂವರಿಗಿಂತ ಹೆಚ್ಚು ಆಟಗಾರರನ್ನು ತೆಗೆದುಕೊಳ್ಳುವಂತಿಲ್ಲ. ಪ್ರತಿ ಸುತ್ತಿಗೂ ಇವರಲ್ಲಿ 11 ಮಂದಿ ಕಣಕ್ಕಿಳಿಯುತ್ತಾರೆ.

60 ನಿಮಿಷ ಆಡಿದವನಿಗೆ 2 ಅಂಕ. ಗೋಲಿಗೆ ಮುನ್ಪಡೆಯವನಿಗೆ 4, ಮಿಡ್‌ಫೀಲ್ಡರ್‌ಗೆ 5, ರಕ್ಷಣಾ ಆಟಗಾರನಿಗೆ 6 ಅಂಕ. ಗೋಲಿಗೆ ನೆರವಾದವನಿಗೆ 3. ಎದುರಾಳಿಗೆ ಗೋಲು ಬಿಟ್ಟುಕೊಡದಿದ್ದರೆ ರಕ್ಷಣಾ ಆಟಗಾರರಿಗೂ ಗೋಲ್‌ಕೀಪರ್‌ಗೂ 4. ಹಳದಿ ಕಾರ್ಡಿಗೆ 1, ಕೆಂಪು ಕಾರ್ಡಿಗೆ 3 ಅಂಕ ಕಡಿತ. ನಾಯಕನ ಅಂಕ ದುಪ್ಪಟ್ಟಾಗುತ್ತದೆ. ಉದಾಹರಣೆಗೆ, ಪೂರ್ತಿ ಪಂದ್ಯ ಆಡಿ ಒಂದು ಗೋಲು ಹೊಡೆದು, ಮತ್ತೊಂದಕ್ಕೆ ನೆರವಾದ ಮಿಡ್‌ಫೀಲ್ಡರ್‌ಗೆ ಈ ಮೂರು ಬಾಬ್ತಿನಿಂದ 10 ಅಂಕ ಸಿಗುತ್ತದೆ. ಅವನೇ ನಾಯಕನಾಗಿದ್ದರೆ 20.

ಸುತ್ತಿನ ಮೊದಲ ಪಂದ್ಯಕ್ಕೆ 90 ನಿಮಿಷ ಮುಂಚೆ ಆಯ್ಕೆಯ ಬಾಗಿಲು ಮುಚ್ಚುತ್ತದೆ. ಬ್ರಿಟನ್ನಿನಲ್ಲಿ ಶನಿವಾರ ಮಧ್ಯಾಹ್ನ 12.30ಕ್ಕೆ ಪಂದ್ಯವಿದ್ದರೆ, ಇಲ್ಲಿ ಗಡುವು ಚಳಿಗಾಲದಲ್ಲಿ ಸಂಜೆ 4.30, ಅಲ್ಲಿನ ಬೇಸಿಗೆ ವೇಳೆ ಜಾರಿಯಲ್ಲಿದ್ದಾಗ 3.30. ಈ ಒಂದು ಗಂಟೆಯ ವ್ಯತ್ಯಾಸ ಮರೆತು ತಂಡ ಬದಲಿಸಲಾಗದೆ ಉಳಿಯುವುದು ಸುಲಭ.

ರಾಮನಗರದ ರೇಷ್ಮೆಗೂಡು ಮಾರುಕಟ್ಟೆಯನ್ನು ಬಲ್ಲವರಿಗೆ ಈ ಆಟದ ಜಾಣ್ಮೆಯನ್ನು ಬಿಡಿಸಿ ಹೇಳಬೇಕಿಲ್ಲ. ಹರಾಜಿನಲ್ಲಿ ಬೆಲೆ ಕಟ್ಟುವ ಮುನ್ನ ರೀಲರ್ ಗೂಡನ್ನು ಹಿಡಿದು ನೋಡಿ, ಎಷ್ಟು ನೂಲು ಬಂದೀತೆಂದು ಮನಸ್ಸಿನಲ್ಲೇ ಲೆಕ್ಕ ಹಾಕುತ್ತಾನೆ. ಕಣ್ಣಿಗೆ ಹೊಳೆಯುವ ಗೂಡೆಲ್ಲ ಹೆಚ್ಚು ನೂಲು ಕೊಡುವುದಿಲ್ಲ. ಫ್ಯಾಂಟಸಿ ಆಟದಲ್ಲೂ ದೊಡ್ಡ ಹೆಸರಿಗೆ ಹಣವೆಲ್ಲ ಸುರಿದವನಿಗಿಂತ, ಅಗ್ಗದಲ್ಲಿ ಸಿಗುವ ನಂಬಿಕಸ್ಥ ಆಟಗಾರನನ್ನು ಹುಡುಕಿದವನೇ ಋತುವಿನ ಕೊನೆಗೆ ಮುಂದಿರುತ್ತಾನೆ.

ಮ್ಯಾನೇಜರನ ಕುರ್ಚಿ

ಮ್ಯಾನೇಜ್‌ಮೆಂಟ್ ಆಟಗಳಲ್ಲಿ ಹೆಸರಾದದ್ದು ಇಂಗ್ಲೆಂಡಿನ ಸಹೋದರರಾದ ಪಾಲ್ ಮತ್ತು ಆಲಿವರ್ ಕೋಲ್ಯರ್ ರಚಿಸಿ 1992ರಲ್ಲಿ ಹೊರಬಂದ 'ಚಾಂಪಿಯನ್‌ಶಿಪ್ ಮ್ಯಾನೇಜರ್'. ಪ್ರಕಾಶಕರೊಂದಿಗೆ ಬೇರ್ಪಟ್ಟ ಬಳಿಕ ಅವರ ಸ್ಪೋರ್ಟ್ಸ್ ಇಂಟರಾಕ್ಟಿವ್ ಸಂಸ್ಥೆಯ ಆಟ 2004ರಿಂದ 'ಫುಟ್ಬಾಲ್ ಮ್ಯಾನೇಜರ್' ಎಂಬ ಹೆಸರಿನಲ್ಲಿ ಬರುತ್ತಿದೆ. ಇದರ ಆಟಗಾರರ ಮಾಹಿತಿಕೋಶ ಎಷ್ಟು ವಿಸ್ತಾರವಾದುದೆಂದರೆ, ಹೊಸ ಪ್ರತಿಭೆಗಳ ಶೋಧಕ್ಕೆ ಅದನ್ನು ಬಳಸಿಕೊಳ್ಳಲು ಎವರ್ಟನ್ ಕ್ಲಬ್ 2008ರಲ್ಲಿ ಒಪ್ಪಂದ ಮಾಡಿಕೊಂಡಿತು. ಭಾರತದ ಲೀಗ್‌ಗಳನ್ನು ಒಳಗೊಂಡ ಆವೃತ್ತಿಗಳೂ ಬಂದಿವೆ. ಸ್ವೀಡನ್ನಿನಲ್ಲಿ 1997ರಲ್ಲಿ ಹುಟ್ಟಿದ 'ಹ್ಯಾಟ್ರಿಕ್' ಬ್ರೌಸರಿನಲ್ಲೇ ಉಚಿತವಾಗಿ ಆಡಬಹುದಾದ, ನಿಧಾನಗತಿಯ ಮ್ಯಾನೇಜರ್ ಆಟ.

ಪಣ ಪ್ರವೇಶಿಸಿದ್ದು

ಭಾರತದಲ್ಲಿ 2008ರಲ್ಲಿ ಸ್ಥಾಪನೆಯಾದ ಡ್ರೀಮ್11 ಮೊದಲಾದ ಸಂಸ್ಥೆಗಳು ಋತುವಿಡೀ ನಡೆಯುವ ಆಟವನ್ನು ಒಂದೇ ಪಂದ್ಯಕ್ಕೆ ಇಳಿಸಿ, ಶುಲ್ಕ ಹಾಗೂ ನಗದು ಬಹುಮಾನಗಳನ್ನು ತಂದವು. ಕ್ರಿಕೆಟ್‌ನದು ಸಿಂಹಪಾಲಾದರೂ ಫುಟ್ಬಾಲ್ ಸ್ಪರ್ಧೆಗಳೂ ಇದ್ದವು. ಇದರ ಗಣಿತ ಸರಳ. ತಲಾ 50 ರೂ.ಗಳಂತೆ 100 ಮಂದಿ ಸೇರಿದರೆ 5,000 ರೂ. ಆಯೋಜಕರು ಅದರಲ್ಲಿ ಶೇ 15 ಕಡಿತ ಮಾಡುತ್ತಾರೆಂದು ಭಾವಿಸಿದರೆ ಹಂಚಿಕೆಗೆ ಉಳಿಯುವುದು 4,250 ರೂ. ಯಾರೇ ಗೆಲ್ಲಲಿ, ಆಟಗಾರರ ಸಮೂಹ ಪ್ರತಿ ಬಾರಿಯೂ 750 ರೂ. ಸೋತಿರುತ್ತದೆ. ಜಾಣ್ಮೆ ಇರುವುದು ನಿಜ. ಆದರೆ ನಷ್ಟ ಕಟ್ಟಿಟ್ಟ ಬುತ್ತಿ ಎಂಬುದೂ ಅಷ್ಟೇ ನಿಜ.

ರಾಜ್ಯ ಸರ್ಕಾರ 2021ರಲ್ಲಿ ಕರ್ನಾಟಕ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು, ಹಣ ಪಣಕ್ಕಿಡುವ ಅಂತರ್ಜಾಲ ಆಟಗಳನ್ನು ನಿಷೇಧಿಸಿತು. ಅದೇ ಅಕ್ಟೋಬರ್‌ನಲ್ಲಿ ಡ್ರೀಮ್11 ರಾಜ್ಯದಲ್ಲಿ ಸೇವೆಯನ್ನು ಸ್ಥಗಿತಗೊಳಿಸಿತು. ಕೌಶಲದ ಆಟವನ್ನು ಜೂಜಿನೊಡನೆ ಸಮೀಕರಿಸಲಾಗದೆಂಬ ವಾದವನ್ನು ಮನ್ನಿಸಿದ ಹೈಕೋರ್ಟ್, 2022ರ ಫೆಬ್ರುವರಿ 14ರಂದು ತಿದ್ದುಪಡಿಯ ಆ ಭಾಗಗಳನ್ನು ರದ್ದುಪಡಿಸಿತು.

ಆದರೆ 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದ ಆನ್‌ಲೈನ್ ಗೇಮಿಂಗ್ ಉತ್ತೇಜನ ಮತ್ತು ನಿಯಂತ್ರಣ ಕಾಯ್ದೆ ಈ ಚರ್ಚೆಯ ನೆಲೆಯನ್ನೇ ಬದಲಿಸಿತು. ಆಗಸ್ಟ್ 22ರಂದು ರಾಷ್ಟ್ರಪತಿಗಳ ಅಂಕಿತ ಪಡೆದ ಈ ಕಾಯ್ದೆ ಆಟ ಕೌಶಲದ್ದೋ ಅದೃಷ್ಟದ್ದೋ ಎಂದು ಕೇಳುವುದಿಲ್ಲ. ಹಣದ ಲಾಭದ ನಿರೀಕ್ಷೆಯಿಂದ ಹಣ ಕಟ್ಟಿ ಆಡುವಂಥದೇ ಎಂದಷ್ಟೇ ಕೇಳುತ್ತದೆ. ಅಂಥ ಸೇವೆ ಒದಗಿಸಿದವರಿಗೆ 3 ವರ್ಷಗಳವರೆಗೆ ಸೆರೆ, 1 ಕೋಟಿ ರೂ.ವರೆಗೆ ದಂಡ ಅಥವಾ ಎರಡನ್ನೂ ವಿಧಿಸಲು ಅವಕಾಶವಿದೆ. ಆಡುವವರನ್ನು ಶಿಕ್ಷಿಸುವುದು ಕಾಯ್ದೆಯ ಉದ್ದೇಶವಲ್ಲ. ಡ್ರೀಮ್11 ಅದೇ ತಿಂಗಳು ಶುಲ್ಕದ ಸ್ಪರ್ಧೆಗಳನ್ನು ನಿಲ್ಲಿಸಿತು. ಕಾಯ್ದೆಯನ್ನು ಪ್ರಶ್ನಿಸಿ ಕರ್ನಾಟಕವೂ ಸೇರಿದಂತೆ ವಿವಿಧ ಹೈಕೋರ್ಟ್‌ಗಳಲ್ಲಿ ದಾಖಲಾದ ಅರ್ಜಿಗಳನ್ನು ಸುಪ್ರೀಂ ಕೋರ್ಟ್ 2025ರ ಸೆಪ್ಟೆಂಬರ್‌ನಲ್ಲಿ ತನಗೆ ವರ್ಗಾಯಿಸಿಕೊಂಡಿತು.

ಅಭಿಮಾನಿಗೆ ಉಳಿದದ್ದು

ಹಾಗಾದರೆ ಆಟವೇ ಹೋಯಿತೇ? ಇಲ್ಲ. ಪಣವಿಲ್ಲದ ಆಟಗಳನ್ನು ಕಾಯ್ದೆ 'ಸಾಮಾಜಿಕ ಆಟ'ಗಳೆಂದು ಗುರುತಿಸುತ್ತದೆ. ಪಣದ ರೂಪದಲ್ಲಿಲ್ಲದ ಚಂದಾ ಅಥವಾ ಒಂದು ಬಾರಿಯ ಪ್ರವೇಶ ಶುಲ್ಕಕ್ಕೂ ಅದರಲ್ಲಿ ಅವಕಾಶವಿದೆ. ಆದ್ದರಿಂದ ಉಚಿತವಾದ ಫ್ಯಾಂಟಸಿ ಲೀಗ್‌ಗಾಗಲಿ, ಬೆಲೆ ತೆತ್ತು ಕೊಳ್ಳುವ ಮ್ಯಾನೇಜರ್ ಆಟಕ್ಕಾಗಲಿ ಇದರಿಂದ ಬಾಧೆಯಿಲ್ಲ. ಗೆಳೆಯರು ಸೇರಿ ಖಾಸಗಿ ಲೀಗ್ ಕಟ್ಟಿಕೊಳ್ಳುವ ಸೌಲಭ್ಯವೂ ಫ್ಯಾಂಟಸಿ ಪ್ರೀಮಿಯರ್ ಲೀಗ್‌ನಲ್ಲಿದೆ.

ಎಚ್ಚರ ಬೇಕಾದದ್ದು ಬೇರೆ ಕಡೆ. ದೇಶದೊಳಗಿನ ಸಂಸ್ಥೆಗಳು ಬಾಗಿಲು ಮುಚ್ಚಿದ ಮೇಲೂ ವಿದೇಶಿ ಬೆಟ್ಟಿಂಗ್ ಆ್ಯಪ್‌ಗಳು ಫ್ಯಾಂಟಸಿಯ ವೇಷದಲ್ಲಿ ಬರಬಹುದು. ತಂಡ ಕಟ್ಟುವ ಮೊದಲೇ ಹಣ ತುಂಬಲು ಹೇಳುವುದು, ಖಾಸಗಿ ವ್ಯಕ್ತಿಯ ಖಾತೆಗೆ ಪಾವತಿ ಕೇಳುವುದು, ಗೆದ್ದ ಹಣ ಪಡೆಯಲು ಮತ್ತೆ ಹಣ ಕಟ್ಟಬೇಕೆನ್ನುವುದು, ಇವೆಲ್ಲ ಅಪಾಯದ ಲಕ್ಷಣಗಳು. ಮೋಸಹೋದವರು ತಡಮಾಡದೆ ರಾಷ್ಟ್ರೀಯ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು. ಬೇಗ ತಿಳಿಸಿದಷ್ಟೂ ಹಣವನ್ನು ತಡೆಹಿಡಿಯುವ ಸಾಧ್ಯತೆ ಹೆಚ್ಚು.

ಚನ್ನಪಟ್ಟಣದ ಗೊಂಬೆಗೆ ಬಣ್ಣವಿದೆ, ಚಲನೆಯಿದೆ. ಮಗುವಿನಿಂದ ಅದು ಏನನ್ನೂ ಕಸಿಯುವುದಿಲ್ಲ. ಅಭಿಮಾನಿಯ ಆಟವೂ ಹಾಗೆಯೇ ಇರಬೇಕು. ಸೋತಾಗ ಕಳೆದುಕೊಳ್ಳುವುದು ಅಂಕವಾದರೆ ಅದು ಆಟ; ಮನೆಯ ಹಣವಾದರೆ ಅದು ಪಣ.